ಶಾನುಭೋಗರು ಮತ್ತು ಫಿಲೋಮಿನಾ ಬಾಯಿ

ನದಿ ಸಮುದ್ರ ಸೇರುವ ಕಡೆ ಒಂದು ಹಳೆಯ ಹಂಚಿನ ಕಾರ್ಖಾನೆ. ಹಂಚು ಸುಡುವುದು ನಿಂತು ಎಷ್ಟೋ ಕಾಲವಾಗಿತ್ತು. ಅದರ ಮೂಲೆಯ ಕೋಣೆಯೊಂದರಲ್ಲಿ ಬಾಳಿಗ ಮಾಸ್ಟ್ರು ವಿಮಾನ ನಡೆಸುವುದನ್ನು ಕಲಿಸುತ್ತಿದ್ದರು.

ವಿಮಾನವೆಂದರೆ ನೆಲ ಬಿಡುವ ವಿಮಾನವಲ್ಲ. ಗುಜರಿಗೆ ಬಿದ್ದ ಬಸ್ಸಿನ ಎರಡು ಸೀಟು, ಎದುರಿಗೆ ದೊಡ್ಡ ಪರದೆಗಳು, ಕೈಗೆ ಸಿಗುವ ಹಾಗೆ ಗುಂಡಿಗಳ ಸಾಲು. ಆಕಾಶ ಕಂಪ್ಯೂಟರಿನೊಳಗಿತ್ತು.

ಮಾಸ್ಟ್ರು ಪೈಲಟ್ ಆಗಿದ್ದವರಲ್ಲ. ವಿಮಾನ ನಿಲ್ದಾಣದ ನಿಯಂತ್ರಣ ಕೊಠಡಿಯಲ್ಲಿ ರೇಡಾರ್ ಮುಂದೆ ಕುಳಿತು, ಮೇಲೆ ಹಾರುವವರಿಗೆ ಎಡಕ್ಕೆ ತಿರುಗಿ, ಕೆಳಗೆ ಇಳಿಯಿರಿ ಎಂದು ಹೇಳುತ್ತಲೇ ನಿವೃತ್ತರಾದವರು. ಬೇಕಾದಷ್ಟೇ ಮಾತಾಡುವುದು ಅಲ್ಲಿಂದ ಬಂದ ಅಭ್ಯಾಸ. ಆ ಕಾಲದ ಹೆಡ್‌ಫೋನ್ ಒಂದು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ಅವರು ಹಾಕಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ದಿನ ವಾರಿಜಾ ಸಾಲಿಯಾನ್ ಬಂದಳು.

“ಎಂತ ಬೇಕು?”

“ಕಲಿಯಬೇಕು, ಮಾಸ್ಟ್ರೇ.”

“ಲೈಸೆನ್ಸ್ ಉಂಟಾ?”

“ಉಂಟು.”

“ಮತ್ತೆಂತ ಕಲಿಯುವುದು?”

ಅವಳು ಚಪ್ಪಲಿ ಬಿಚ್ಚಿ ಬಾಗಿಲಲ್ಲೇ ನಿಂತಳು. ವಿಮಾನ ಕಂಪನಿಯೊಂದು ಅವಳನ್ನು ಆರಿಸಿಕೊಂಡಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚಿನ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಈ ತಿಂಗಳ ಕೊನೆಗೆ ಇನ್ನೊಂದು ಅವಕಾಶ. ಅದೇ ಕೊನೆಯದು.

“ಮನೆಯಲ್ಲಿ ಗೊತ್ತುಂಟಾ?”

“ಇಲ್ಲ. ಅಪ್ಪ ಮೀನು ಬೋಟು ನಡೆಸುವ ತಾಂಡೇಲ. ನಾನು ಆಯ್ಕೆಯಾದ ದಿನವೇ ಬೋಟು ನಿಲ್ಲುವ ಧಕ್ಕೆಯಲ್ಲಿ ಬೋಟಿನವರಿಗೆಲ್ಲ ಲಾಡು ಹಂಚಿಬಿಟ್ಟರು.”

“ಎಲ್ಲರೂ ತಿಂದರಾ?”

“ತಿಂದರು.”

“ಹಾಗಾದರೆ ವಾಪಸ್ ಕೇಳುವ ಹಾಗಿಲ್ಲ,” ಎಂದರು ಮಾಸ್ಟ್ರು. “ಒಳಗೆ ಬಾ. ಎಲ್ಲಿ ತಪ್ಪಿತು?”

ವಿಮಾನ ಹೋಗಬೇಕಾದ ದಾರಿಯನ್ನು ಹೊರಡುವ ಮೊದಲೇ ಒಂದು ಕಂಪ್ಯೂಟರಿಗೆ ತುಂಬಿರುತ್ತಾರೆ. ದಾರಿಯೆಂದರೆ ಆಕಾಶದಲ್ಲಿ ಹೆಸರಿಟ್ಟ ಬಿಂದುಗಳ ಸಾಲು. ಒಂದನ್ನು ಮುಟ್ಟಿದರೆ ಮುಂದಿನದು, ಅದನ್ನು ಮುಟ್ಟಿದರೆ ಅದರ ಮುಂದಿನದು. ಅವತ್ತು ವಾರಿಜಾ ಲೋಬಿಕ್ ಎಂಬ ಬಿಂದುವಿನ ಕಡೆ ಹೋಗುತ್ತಿದ್ದಳು. ಪರೀಕ್ಷಕರೇ ನಿಯಂತ್ರಕರಾಗಿ ಹಿಂದೆ ಕುಳಿತಿದ್ದರು. ಬಲಕ್ಕೆ ತಿರುಗಿ ಎಂದು ಅವಳನ್ನು ದಾರಿಯಿಂದ ಹೊರಗೆಳೆದರು. ಲೋಬಿಕ್ ದೂರದಲ್ಲೇ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ, ಈಗ ನಿಮ್ಮ ದಾರಿ ಹಿಡಿಯಿರಿ, ನೇರ ತನುರಿಗೆ ಎಂದರು. ತನುರಿ ಎಂಬುದು ಲೋಬಿಕ್ ಆದ ಮೇಲಿನ ಬಿಂದು. ವಾರಿಜಾ ದಾರಿ ಹಿಡಿಯುವ ಗುಂಡಿ ಒತ್ತಿದಳು.

“ವಿಮಾನ ಹಿಂದೆ ತಿರುಗಿತು, ಮಾಸ್ಟ್ರೇ. ಬಿಟ್ಟು ಬಂದ ಲೋಬಿಕ್ ಕಡೆಗೇ. ಹಿಂದಿನಿಂದ ಇನ್ನೊಂದು ವಿಮಾನ ಬರುತ್ತಿತ್ತು. ಅದರ ಮೂತಿಗೆ ನೇರ.”

“ಆಮೇಲೆ?”

“ಕೈಕಾಲು ಆಡಲಿಲ್ಲ. ಪರೀಕ್ಷಕರು ಅಲ್ಲಿಗೇ ನಿಲ್ಲಿಸಿ ಲೈಟ್ ಹಾಕಿದರು.”

“ಕಂಪ್ಯೂಟರ್ ಯಾಕೆ ಹಿಂದೆ ತಿರುಗಿತು?”

“ಅದಕ್ಕೆ ಬುದ್ಧಿ ಇಲ್ಲ.”

“ಹಾಗಾದರೆ ಅದನ್ನೇ ಇಲ್ಲಿಗೆ ಕಳಿಸಬೇಕಿತ್ತು,” ಎಂದರು ಮಾಸ್ಟ್ರು. “ನೀನು ಯಾಕೆ ಬಂದೆ?”

ಹಾಗೆನ್ನುತ್ತಲೇ ಅವರು ಬಸ್ಸಿನ ಸೀಟಿನ ಧೂಳು ಒರೆಸಿದರು.

*

ಸೀಟಿನ ಪಕ್ಕದಲ್ಲಿ ಸಣ್ಣ ಪರದೆ, ಅದರ ಕೆಳಗೆ ಅಕ್ಷರಗಳ ಗುಂಡಿಗಳು. ದಾರಿ ತುಂಬುವ ಪೆಟ್ಟಿಗೆ.

“ಇವರು ಶಾನುಭೋಗರು,” ಎಂದರು ಮಾಸ್ಟ್ರು. “ಬರೆದದ್ದು ಬಿಟ್ಟು ಬೇರೆ ಗೊತ್ತಿಲ್ಲ. ಬರೆದದ್ದರಲ್ಲಿ ತಪ್ಪುವವರೂ ಅಲ್ಲ.”

ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್. ಅದರಿಂದ ಹೆಣ್ಣಿನ ಸ್ವರವೊಂದು ಇಂಗ್ಲಿಷಿನಲ್ಲಿ ಯಾರಿಗೋ ಇಳಿಯಲು ಹೇಳುತ್ತಿತ್ತು. ಏರಿಳಿತವಿಲ್ಲದ ಸ್ವರ. ಮನೆಗೆ ಬೆಂಕಿ ಬಿದ್ದರೂ ಹಾಗೆಯೇ ಹೇಳುವಂಥದ್ದು.

“ಇವಳು ಫಿಲೋಮಿನಾ ಬಾಯಿ. ನಮ್ಮ ನಿಯಂತ್ರಕಿ.”

“ಪ್ರೋಗ್ರಾಮ್ ಅಲ್ಲವಾ ಇದು?”

“ಹೌದು. ಹೆಚ್ಚು ಹೊತ್ತು ಮಾತಾಡಿದರೆ ನನಗೆ ಸ್ವರ ಬೀಳುತ್ತದೆ, ಅದಕ್ಕೆ ಅವಳೇ ಮಾತಾಡುವುದು.” ಮಾಸ್ಟ್ರು ಇಬ್ಬರ ಕಡೆಗೂ ಕೈ ತೋರಿಸಿದರು. “ಒಂದೇ ಕೋಣೆಯಲ್ಲಿದ್ದಾರೆ. ಇಷ್ಟು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡಿಲ್ಲ.”

“ಹಾಗೆಂದರೆ?”

“ಕೂತುಕೋ. ಅವಳು ಹೇಳಿದ್ದನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಸಿಕೊಂಡ ಹಾಗಲ್ಲ.”

“ಅದು ಗೊತ್ತು, ಮಾಸ್ಟ್ರೇ. ನಾವು ತಿರುಗಿ ಹೇಳುತ್ತೇವೆ. ಸರಿ ಇದ್ದರೆ ಅವರು, ತಿರುಗಿ ಹೇಳಿದ್ದು ಸರಿ, ಎನ್ನುತ್ತಾರೆ.”

“ಇವಳು ಎನ್ನುವುದಿಲ್ಲ. ಅಷ್ಟು ಒಳ್ಳೆಯ ಪ್ರೋಗ್ರಾಮ್ ಅಲ್ಲ ಇದು.”

“ಹಾಗಾದರೆ ನೀವು ಹೇಳಿ.”

“ನೋಡುವ,” ಎಂದರು ಮಾಸ್ಟ್ರು.

*

ವಾರಿಜಾಳ ಬೆರಳು ಚುರುಕು. ಶಾನುಭೋಗರಿಗೆ ದಾರಿಯನ್ನೆಲ್ಲ ಕ್ಷಣದಲ್ಲಿ ತುಂಬಿದಳು. ಹಾರಿದಳು. ಮೋಡದ ಮೇಲೆ ಬಂದಳು.

ಫಿಲೋಮಿನಾ ಬಾಯಿ ಹೇಳಿದಳು: ಎಡಕ್ಕೆ ತಿರುಗಿ.

ವಾರಿಜಾ ತಿರುಗಿ ಹೇಳಿದಳು. ಆಮೇಲೆ ತಲೆ ಬಗ್ಗಿಸಿ, ಆ ಹೊಸ ದಿಕ್ಕಿಗೆ ಹೊಂದುವ ಬಿಂದುವನ್ನು ಶಾನುಭೋಗರಲ್ಲಿ ಹುಡುಕತೊಡಗಿದಳು. ಪರದೆಯಲ್ಲಿ ಹಾಳೆಯ ಮೇಲೆ ಹಾಳೆ ತಿರುವಿದಳು. ಅಕ್ಷರ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು.

ಫಿಲೋಮಿನಾ ಬಾಯಿ ಅವಳನ್ನು ಕರೆದಳು. ಮತ್ತೆ ಕರೆದಳು.

“ಯಾರನ್ನೋ ಕರೆಯುತ್ತಿದ್ದಾಳೆ,” ಎಂದರು ಮಾಸ್ಟ್ರು.

“ಒಂದು ನಿಮಿಷ, ಮಾಸ್ಟ್ರೇ. ಇದೊಂದು ಬರೆದುಬಿಡುತ್ತೇನೆ.”

“ಬರೆ, ಬರೆ. ವಿಮಾನ ಯಾರು ನಡೆಸುತ್ತಿದ್ದಾರೆ?”

ಅವಳು ತಲೆ ಎತ್ತಿದಳು. ವಿಮಾನ ತಿರುಗಿಯೇ ಇರಲಿಲ್ಲ. ಇಷ್ಟು ಹೊತ್ತೂ ಹಳೆಯ ದಿಕ್ಕಿಗೇ ಹೋಗುತ್ತಿತ್ತು.

ಮಾಸ್ಟ್ರು ಹೆಗಲ ಮೇಲಿನ ಬೈರಾಸನ್ನು ತೆಗೆದು ಪೆಟ್ಟಿಗೆಯ ಮೇಲೆ ಹೊದೆಸಿದರು.

“ಶಾನುಭೋಗರು ಮಲಗಿದ್ದಾರೆ. ಎಬ್ಬಿಸಬೇಡ.”

“ಅವರಿಲ್ಲದೆ ಹೇಗೆ ಹೋಗುವುದು?”

“ದಿಕ್ಕಿನ ತಿರುಗುಗುಂಡಿ ಕಣ್ಣೆದುರಿಗೇ ಉಂಟಲ್ಲ. ತಿರುಗಿ ಅಂದರೆ ಮೊದಲು ತಿರುಗು. ಬರೆಯುವುದು ಆಮೇಲೆ.”

ಆ ವಾರವೆಲ್ಲ ಶಾನುಭೋಗರು ಬೈರಾಸಿನಡಿ ಮಲಗಿದ್ದರು. ಫಿಲೋಮಿನಾ ಬಾಯಿ ಹೇಳುತ್ತಿದ್ದಳು, ವಾರಿಜಾ ತಿರುಗಿಸುತ್ತಿದ್ದಳು. ಮೊದಮೊದಲು ಅವಳಿಗೆ ಬಟ್ಟೆಯಿಲ್ಲದೆ ನಿಂತ ಹಾಗಾಗುತ್ತಿತ್ತು. ಆಮೇಲೆ ಆಗಲಿಲ್ಲ. ಕಣ್ಣು ಪರದೆಯ ಮೇಲೆ ನಿಂತಿತು. ಹೊರಗೆ ಮೋಡ ಇರುವುದು, ನದಿ ಇರುವುದು ಅವಳಿಗೆ ಕಾಣತೊಡಗಿತು.

ಒಂದು ಸಲ ರನ್‌ವೇ ಮೇಲೆ ಮೆತ್ತಗೆ ಇಳಿಸಿ, ಆಸೆಯಿಂದ ತಿರುಗಿ ನೋಡಿದಳು.

ಮಾಸ್ಟ್ರು ಕಿಟಕಿಯಲ್ಲಿ ಹಾಯುವ ದೋಣಿ ನೋಡುತ್ತಿದ್ದರು.

*

ಆಮೇಲೊಂದು ದಿನ ಗುಡ್ಡಕ್ಕೆ ಬಡಿದಳು.

ಮೋಡದೊಳಗಿದ್ದಳು. ಫಿಲೋಮಿನಾ ಬಾಯಿ ಇಳಿಯಿರಿ ಎಂದಳು. ವಾರಿಜಾ ಇಳಿದಳು. ಇನ್ನೂ ಇಳಿಯಿರಿ ಎಂದಳು. ನಕ್ಷೆಯಲ್ಲಿ ಎದುರಿಗೆ ಕೆಂಪು ಬಣ್ಣ ಹರಡುತ್ತಿರುವುದು ವಾರಿಜಾಳಿಗೆ ಕಂಡಿತ್ತು. ಇಳಿದಳು. ಪರದೆ ಕಪ್ಪಾಯಿತು.

ಫಿಲೋಮಿನಾ ಬಾಯಿ ಅದೇ ಸ್ವರದಲ್ಲಿ ಇನ್ನೂ ಸ್ವಲ್ಪ ಇಳಿಯಲು ಹೇಳಿದಳು.

“ಗುಡ್ಡ ಕಾಣಲಿಲ್ಲವಾ?” ಎಂದರು ಮಾಸ್ಟ್ರು.

“ಕಂಡಿತು.”

“ಮತ್ತೆ?”

“ಅವಳು ಇಳಿ ಎಂದಳು.”

“ಅವಳು ಹೇಳಿದಳು ಅಂತ ಗುಡ್ಡ ಜಾಗ ಬಿಡುತ್ತದಾ, ಮಾರಾಯ್ತಿ?”

ವಾರಿಜಾಳಿಗೆ ಸಿಟ್ಟು ಬಂತು. “ಇದು ಆಟದ ಸಾಮಾನು, ಮಾಸ್ಟ್ರೇ. ಇದಕ್ಕೆ ಗುಡ್ಡವೇ ಗೊತ್ತಿಲ್ಲ. ನಿಜವಾದ ನಿಯಂತ್ರಕರು ಹೀಗೆ ಗುಡ್ಡಕ್ಕೆ ಕಳಿಸುವುದಿಲ್ಲ.”

“ನಿಜವಾದ ನಿಯಂತ್ರಕರಿಗೆ ನಿದ್ದೆ ಬರುವುದಿಲ್ಲವಾ? ಹೆಂಡತಿಯ ಜೊತೆ ಜಗಳವಾಗುವುದಿಲ್ಲವಾ?”

ಅವಳು ಕಪ್ಪಾದ ಪರದೆಯ ಕಡೆ ತಿರುಗಿದಳು.

“ಫಿಲೋಮಿನಾಗೆ ಗುಡ್ಡ ಗೊತ್ತಿಲ್ಲ,” ಎಂದರು ಮಾಸ್ಟ್ರು. “ಶಾನುಭೋಗರಿಗೆ ಫಿಲೋಮಿನಾ ಗೊತ್ತಿಲ್ಲ. ನಿನಗೆ?”

“ನನಗೆ ಎಲ್ಲ ಗೊತ್ತು.”

“ಹಾಗಾದರೆ ಆ ಸೀಟಿನಲ್ಲಿ ಯಾರು ಕೂತಿರಬೇಕಿತ್ತು?”

“ನಾನೇ ಕೂತಿದ್ದೆನಲ್ಲ!”

“ಇರಲಿಲ್ಲ. ಸೀಟು ಖಾಲಿ ಇತ್ತು.”

ವಾರಿಜಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಹಂಚಿನ ಚೂರುಗಳ ಮೇಲೆ ಕುಳಿತು ನದಿಯನ್ನು ದಿಟ್ಟಿಸಿದಳು. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದಳು.

“ಆಗುವುದಿಲ್ಲ ಎನ್ನಬಹುದಾ, ಮಾಸ್ಟ್ರೇ? ನಿಯಂತ್ರಕರಿಗೆ?”

“ಪುಸ್ತಕದಲ್ಲಿ ಎಂತ ಉಂಟು?”

“ಎನ್ನಬಹುದು ಅಂತ ಉಂಟು.”

“ನೀನು ಯಾವತ್ತಾದರೂ ಎಂದಿದ್ದೀಯಾ?”

“ಇಲ್ಲ.”

“ಯಾರಿಗೂ?”

ಅವಳು ಯೋಚಿಸಿದಳು. “ಅಪ್ಪ ಲಾಡು ಹಂಚಲು ಹೊರಟಾಗ ಈಗಲೇ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.”

ಮಾಸ್ಟ್ರು ವಿಮಾನವನ್ನು ಮತ್ತೆ ಅದೇ ಮೋಡದೊಳಗೆ, ಅದೇ ಎತ್ತರಕ್ಕೆ ತಂದಿಟ್ಟರು. ಫಿಲೋಮಿನಾ ಬಾಯಿ ಇಳಿಯಿರಿ ಎಂದಳು.

“ಆಗುವುದಿಲ್ಲ,” ಎಂದಳು ವಾರಿಜಾ. ಸ್ವರ ನಡುಗಿತು.

ಕೋಣೆಯಲ್ಲಿ ಏನೂ ಒಡೆಯಲಿಲ್ಲ. ಫಿಲೋಮಿನಾ ಬಾಯಿ ಸ್ವಲ್ಪವೂ ಬೇಸರಪಟ್ಟುಕೊಳ್ಳದೆ, ಈಗಿರುವ ಎತ್ತರದಲ್ಲೇ ಇರಿ ಎಂದಳು. ಗುಡ್ಡ ಹೊಟ್ಟೆಯ ಕೆಳಗೆ ಹಾದು ಹಿಂದೆ ಹೋಯಿತು.

ವಾರಿಜಾ ನಕ್ಕಳು. ಅವಳಿಗೆ ನಗು ತಡೆಯಲಾಗಲಿಲ್ಲ.

“ಇಷ್ಟೇನಾ, ಮಾಸ್ಟ್ರೇ?”

“ಇಷ್ಟೇ,” ಎಂದರು ಮಾಸ್ಟ್ರು. “ಗುಡ್ಡ ಬರುವ ಮೊದಲು ಹೇಳಿದರೆ ಇಷ್ಟೇ.”

*

ಪರೀಕ್ಷೆ ಹತ್ತಿರ ಬಂತು. ಬೈರಾಸು ಇನ್ನೂ ಪೆಟ್ಟಿಗೆಯ ಮೇಲೇ ಇತ್ತು.

“ಶಾನುಭೋಗರನ್ನು ಎಬ್ಬಿಸುವ, ಮಾಸ್ಟ್ರೇ. ಲೋಬಿಕ್ ಆದದ್ದನ್ನು ಕಲಿಸಿ.”

“ಮೊದಲು ಒಂದು ಕೆಲಸ ಮಾಡು. ಐಸ್ ಪ್ಲಾಂಟಿನಲ್ಲಿ ನನ್ನ ಕೊಡೆ ಉಂಟು, ತಾ. ಅದಾದ ಮೇಲೆ ಹೊಳೆ ದಾಟಿ, ಆಚೆ ದಡದ ಅಂಗಡಿಯಿಂದ ಬನ್ಸ್ ತಾ. ಫೋನ್ ಕೈಯಲ್ಲೇ ಇರಲಿ.”

ವಾರಿಜಾ ಹೊರಟಳು. ಐಸ್ ಪ್ಲಾಂಟಿನ ಗೇಟು ಕಾಣುತ್ತಿದ್ದಾಗ ಫೋನ್ ಬಂತು.

“ಎಡಕ್ಕೆ ತಿರುಗು. ಹೊಳೆಯ ಬದಿಯಲ್ಲೇ ನಡೆ.”

“ಅಲ್ಲಿ ಕೆಸರು, ಮಾಸ್ಟ್ರೇ.”

“ತಿರುಗಿ ಹೇಳು.”

“ಎಡಕ್ಕೆ ತಿರುಗಿ ಹೊಳೆಯ ಬದಿಯಲ್ಲಿ ನಡೆಯುತ್ತೇನೆ,” ಎಂದಳು ವಾರಿಜಾ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಐಸ್ ಪ್ಲಾಂಟ್ ಹಿಂದೆ ಬಿತ್ತು. ಸುಮಾರು ದೂರ ಹೋದ ಮೇಲೆ ಮತ್ತೆ ಫೋನ್.

“ಈಗ ನೇರ ಬನ್ಸ್ ಅಂಗಡಿಗೆ.”

“ನೇರ ಬನ್ಸ್ ಅಂಗಡಿಗೆ.”

ಹತ್ತಿರದಲ್ಲೇ ದೋಣಿ ಸಿಕ್ಕಿತು. ದೋಣಿಯ ಅಬೂಬಕರ್ ಅವಳ ಕಾಲಿನ ಕೆಸರು ನೋಡಿದ.

“ಏನಕ್ಕ, ನಿಮ್ಮ ಮಾಸ್ಟ್ರು ವಿಮಾನ ಬಿಟ್ಟು ಕೆಸರಲ್ಲಿ ಮರುವಾಯಿ ಚಿಪ್ಪು ಹೆಕ್ಕುವುದು ಕಲಿಸುತ್ತಿದ್ದಾರಾ?”

“ನಿಮ್ಮ ದೋಣಿಗೆ ರೆಕ್ಕೆ ಕಟ್ಟಲು ಕಲಿಸುತ್ತಾರಂತೆ. ಬೇಗ ಹುಟ್ಟು ಹಾಕಿ.”

ಬನ್ಸ್ ಬಿಸಿಯಿದ್ದಾಗಲೇ ತಂದು ಮಾಸ್ಟ್ರ ಮುಂದಿಟ್ಟಳು.

“ಕೊಡೆ ಎಲ್ಲಿ?” ಎಂದರು ಮಾಸ್ಟ್ರು.

“ಕೊಡೆಯಾ? ನೇರ ಬನ್ಸ್ ಅಂಗಡಿಗೆ ಎಂದಿರಲ್ಲ!”

“ಕೊಡೆ ಬೇಡ ಎಂದೆನಾ?”

“ಬೇಡ ಎನ್ನಲಿಲ್ಲ. ಆದರೆ ನೇರ ಅಂದರೆ ನೇರ. ಮತ್ತೆ ಆ ಕೆಸರಲ್ಲಿ ಐಸ್ ಪ್ಲಾಂಟಿಗೆ ತಿರುಗಿ ಹೋಗುತ್ತಾರಾ ಯಾರಾದರೂ?”

“ಯಾಕೆ ಹೋಗಬಾರದು? ಮೊದಲು ಕೊಡೆ, ಆಮೇಲೆ ಬನ್ಸ್. ಹಾಗೆಯೇ ಹೇಳಿದ್ದೆ.”

“ಅದು ಹಿಂದೆ ಬಿದ್ದಾಯಿತಲ್ಲ, ಮಾಸ್ಟ್ರೇ! ಅಷ್ಟೂ ಗೊತ್ತಾಗುವುದಿಲ್ಲವಾ ಮನುಷ್ಯನಿಗೆ?”

ಮಾಸ್ಟ್ರು ಬನ್ಸ್ ಮುರಿದು ಬಾಯಿಗೆ ಹಾಕಿಕೊಂಡರು.

“ಮನುಷ್ಯನಿಗೆ ಗೊತ್ತಾಗುತ್ತದೆ. ಶಾನುಭೋಗರಿಗೆ ಯಾರು ಹೇಳಿದರು?”

ವಾರಿಜಾ ಬೈರಾಸಿನಡಿಯ ಪೆಟ್ಟಿಗೆಯ ಕಡೆ ನೋಡಿದಳು. ಹೊರಗೆ ದೋಣಿಯವನು ಯಾರನ್ನೋ ಕೂಗುತ್ತಿದ್ದ.

“ಅವರಿಗೆ ಲೋಬಿಕ್ ಇನ್ನೂ ಬಾಕಿ ಇತ್ತು,” ಎಂದಳು ನಿಧಾನವಾಗಿ. “ನಿಯಂತ್ರಕರು ನನಗೆ ಹೇಳಿದರು. ನಾನು ಅವರಿಗೆ ಹೇಳಲೇ ಇಲ್ಲ. ದಾರಿ ಹಿಡಿ ಎಂದೆ. ಅವರಿಗೆ ಗೊತ್ತಿದ್ದ ದಾರಿ ಹಿಡಿದರು.”

“ಪುಸ್ತಕದಲ್ಲಿ ಇರಲಿಲ್ಲವಾ ಇದು?”

“ಇತ್ತು. ಮುಂದಿನ ಬಿಂದುವನ್ನು ಎತ್ತಿ ಮೇಲಿನ ಸಾಲಿಗೆ ಹಾಕಬೇಕು, ನಕ್ಷೆಯಲ್ಲಿ ಗೆರೆ ನೋಡಬೇಕು, ಆಮೇಲೆ ಒತ್ತಬೇಕು. ಬಾಯಿಪಾಠ ಇತ್ತು. ಕೈಗೆ ಬರಲಿಲ್ಲ.”

ಅವಳು ಕೈ ತೊಳೆಯದೆ ಸೀಟಿಗೆ ಓಡಿದಳು. ಬೈರಾಸನ್ನು ತಾನೇ ತೆಗೆದಳು.

ಹಾರಿದಳು. ಲೋಬಿಕ್ ಕಡೆ ಹೊರಟಳು. ಫಿಲೋಮಿನಾ ಬಾಯಿ ಬಲಕ್ಕೆ ತಿರುಗಿ ಎಂದಳು. ವಾರಿಜಾ ಮೊದಲು ತಿರುಗಿದಳು. ಲೋಬಿಕ್ ಪಕ್ಕದಲ್ಲಿ ಹಿಂದೆ ಸರಿಯಿತು. ಶಾನುಭೋಗರ ಪರದೆಯಲ್ಲಿ ಮಾತ್ರ ಇನ್ನೂ ಮೇಲಿನ ಸಾಲಿನಲ್ಲೇ ಕುಳಿತಿತ್ತು.

ಈಗ ನೇರ ತನುರಿಗೆ, ಎಂದಳು ಫಿಲೋಮಿನಾ ಬಾಯಿ.

ವಾರಿಜಾ ತಿರುಗಿ ಹೇಳಿದಳು. ಕೆಳಗಿನ ಸಾಲಿನಲ್ಲಿದ್ದ ತನುರಿಯನ್ನು ಎತ್ತಿ ಮೇಲಿಟ್ಟಳು. ನಕ್ಷೆಯಲ್ಲಿ ವಿಮಾನದ ಮೂತಿಯಿಂದ ತನುರಿಗೆ ಚುಕ್ಕೆಗಳ ಗೆರೆಯೊಂದು ಮೂಡಿತು. ಗೆರೆ ಮುಂದಕ್ಕಿತ್ತು. ಒತ್ತಿದಳು.

ಲೋಬಿಕ್ ಎಂಬ ಹೆಸರೇ ಅಳಿಸಿಹೋಯಿತು. ವಿಮಾನ ಒಂದು ರೆಕ್ಕೆ ತುಸು ಬಾಗಿಸಿ ಮುಂದಕ್ಕೆ ನಡೆಯಿತು.

“ಮಾಸ್ಟ್ರೇ!” ಎಂದು ಕೂಗಿದಳು ವಾರಿಜಾ. ಮಾಡಿನ ಪಾರಿವಾಳಗಳು ಹಾರಿದವು. “ನೋಡಿದಿರಾ? ಹೇಳಿ, ಸರಿ ಎಂದು ಹೇಳಿ!”

“ಬನ್ಸ್ ಆರಿತು,” ಎಂದರು ಮಾಸ್ಟ್ರು.

*

ಪರೀಕ್ಷೆಗೆ ಹೋಗುವ ಹಿಂದಿನ ಸಂಜೆ ಅವಳು ಮತ್ತೆ ಆ ದಿನದ ಮಾತೆತ್ತಿದಳು. ಪರೀಕ್ಷಕರು ಲೈಟ್ ಹಾಕಿದ್ದು. ಅವರ ಮುಖ. ಅವರು ಏನೂ ಹೇಳದೆ ಪೆನ್ನಿನ ಮುಚ್ಚಳ ಹಾಕಿದ್ದು.

ಮಾಸ್ಟ್ರು ಕೇಳಿಸಿಕೊಂಡರು. ಮುಗಿಯಲು ಬಿಟ್ಟರು.

“ನಿಮ್ಮ ಕೈಯಿಂದ ಎಷ್ಟೊಂದು ವಿಮಾನ ಹೋಗಿರಬೇಕು, ಮಾಸ್ಟ್ರೇ. ಅವೆಲ್ಲ ಸರಿಯಾಗಿ ಇಳಿದವಾ ಎಂದು ನಿಮಗೆ ಗೊತ್ತಾಗುತ್ತಿತ್ತಾ?”

“ಇಲ್ಲ.”

“ತಿಳಿಯಬೇಕು ಅನ್ನಿಸುತ್ತಿರಲಿಲ್ಲವಾ?”

“ನನ್ನ ಗಡಿಯವರೆಗೆ ನನ್ನದು. ಗಡಿ ಬಂದಾಗ, ಮುಂದಿನ ಕೇಂದ್ರದವರನ್ನು ಕರೆಯಿರಿ ಎನ್ನುತ್ತೇವೆ. ಶುಭದಿನ ಎನ್ನುತ್ತೇವೆ. ಅವರು ತಿರುಗಿ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು.”

“ಆಮೇಲೆ?”

“ಆಮೇಲೆ ಇನ್ನೊಂದು ವಿಮಾನ ಬಂದಿರುತ್ತದೆ.”

ವಾರಿಜಾ ಎದ್ದಳು. ನಮಸ್ಕರಿಸಲು ಬಾಗಿದಾಗ ಮಾಸ್ಟ್ರು ಕಾಲು ಹಿಂದೆಳೆದುಕೊಂಡರು.

“ನಾಳೆಗೆ ಎಂತ ಹೇಳುತ್ತೀರಿ, ಮಾಸ್ಟ್ರೇ? ಒಂದು ಮಾತು.”

“ಸೀಟಿನಲ್ಲಿ ಕೂತಿರು.”

*

ಅದೇ ಸಿಮ್ಯುಲೇಟರ್. ಅದೇ ಪರೀಕ್ಷಕರು. ಪಕ್ಕದ ಸೀಟಿನಲ್ಲಿ ಕಂಪನಿಯ ಹಿರಿಯ ಪೈಲಟ್ ಒಬ್ಬರು.

ಮೊದಲ ಆದೇಶವನ್ನೇ ವಾರಿಜಾ ತಪ್ಪಾಗಿ ತಿರುಗಿ ಹೇಳಿದಳು.

ಪರೀಕ್ಷಕರು ತಿದ್ದಿದರು. ಬೆನ್ನ ಹಿಂದೆ ಪೆನ್ನು ಏನೋ ಗೀಚಿದ ಸದ್ದು. ಹಳೆಯ ಲೈಟು, ಹಳೆಯ ಮುಖ, ಧಕ್ಕೆಯ ಲಾಡು ಎಲ್ಲ ಒಟ್ಟಿಗೆ ಎದ್ದು ಬಂದವು.

ಅವಳು ಪೆಟ್ಟಿಗೆಯ ಮೇಲಿನ ಸಾಲು ನೋಡಿದಳು. ಅಲ್ಲಿ ಮುಂದಿನ ಬಿಂದುವಿನ ಹೆಸರಿತ್ತು.

ಸರಿಯಾಗಿ ತಿರುಗಿ ಹೇಳಿದಳು. ಹಾರಿದಳು.

ಇಳಿಯುವ ಹೊತ್ತಾಯಿತು. ನಿಯಂತ್ರಕರಿಂದ ಅನುಮತಿಯಿಲ್ಲ. ವಾರಿಜಾ ತಾನೇ ಕೇಳಿದಳು. ಸ್ವಲ್ಪ ಕಾಯಿರಿ ಎಂದರು ಪರೀಕ್ಷಕರು. ಬಹಳ ಕಾಯಿಸಿದರು. ಆಮೇಲೆ ಒಮ್ಮೆಲೇ, ಕೂಡಲೇ ಇಳಿಯಿರಿ, ಲೋಬಿಕ್ ಮುಟ್ಟುವಷ್ಟರಲ್ಲಿ ಇಷ್ಟು ಎತ್ತರಕ್ಕೆ ಬಂದಿರಬೇಕು ಎಂದರು.

ಅಷ್ಟು ದೂರದಲ್ಲಿ ಅಷ್ಟು ಇಳಿಯಲು ಯಾವ ವಿಮಾನಕ್ಕೂ ಆಗದು.

“ಆಗುವುದಿಲ್ಲ,” ಎಂದಳು ವಾರಿಜಾ.

ಪಕ್ಕದ ಪೈಲಟ್ ಕತ್ತು ತಿರುಗಿಸಿದರು.

“ಏನೆಂದಿರಿ?” ಎಂದಿತು ಹಿಂದಿನ ಸ್ವರ.

“ಆಗುವುದಿಲ್ಲ. ಇಳಿಯಲು ಇನ್ನಷ್ಟು ದೂರ ಬೇಕು.” ಈ ಸಲ ಸ್ವರ ನಡುಗಲಿಲ್ಲ.

ಹಿಂದೆ ಪೆನ್ನು ಮತ್ತೆ ಏನೋ ಗೀಚಿತು.

“ಸರಿ. ಬಲಕ್ಕೆ ತಿರುಗಿ. ಇಳಿಯುತ್ತಿರಿ.”

ತಿರುಗಿದಳು. ಇಳಿದಳು. ಲೋಬಿಕ್ ದೂರದಲ್ಲಿ ಹಿಂದೆ ಸರಿಯಿತು. ನಕ್ಷೆಯಲ್ಲಿ ಇನ್ನೊಂದು ವಿಮಾನದ ಗುರುತು ಹಿಂದಿನಿಂದ ಬರುತ್ತಿತ್ತು. ಎಲ್ಲವೂ ಅವತ್ತಿನ ಹಾಗೆಯೇ.

“ನಿಮ್ಮ ದಾರಿ ಹಿಡಿಯಿರಿ. ನೇರ ತನುರಿಗೆ.”

ಪಕ್ಕದ ಪೈಲಟ್ ಅವಳ ಬೆರಳನ್ನೇ ನೋಡುತ್ತಿದ್ದರು. ಆ ಕಥೆ ಅವರಿಗೂ ಗೊತ್ತಿತ್ತು.

“ನೇರ ತನುರಿಗೆ,” ಎಂದಳು ವಾರಿಜಾ.

ಬೆರಳು ಗುಂಡಿಯ ಹತ್ತಿರ ಹೋಗಲಿಲ್ಲ. ತನುರಿಯನ್ನು ಎತ್ತಿತು. ಮೇಲಿನ ಸಾಲಿಗೆ ಇಟ್ಟಿತು. ಅವಳು ಗೆರೆ ಮೂಡುವವರೆಗೆ ಕಾದಳು.

“ಗೆರೆ ಮುಂದಕ್ಕಿದೆ,” ಎಂದಳು.

“ಮುಂದಕ್ಕಿದೆ,” ಎಂದರು ಪಕ್ಕದ ಪೈಲಟ್.

ಒತ್ತಿದಳು. ವಿಮಾನ ಮುಂದಕ್ಕೆ ಹೋಯಿತು.

ತನುರಿ ಬಂತು, ಹೋಯಿತು. ಮೋಡ ಸರಿಯಿತು. ರನ್‌ವೇಯ ದೀಪಗಳು ಎರಡು ಸಾಲಾಗಿ ತೆರೆದುಕೊಂಡವು. ಚಕ್ರ ನೆಲ ಮುಟ್ಟಿದ್ದು ಅವಳಿಗೆ ಬೆನ್ನಿನಲ್ಲಿ ಗೊತ್ತಾಯಿತು.

ಒಳಗೆ ಲೈಟ್ ಹತ್ತಿತು. ಅವಳು ಥಟ್ಟನೆ ಹಿಂದೆ ತಿರುಗಿದಳು.

“ಹೆದರಬೇಡಿ,” ಎಂದರು ಪರೀಕ್ಷಕರು. “ಇಳಿದ ಮೇಲೆ ಲೈಟ್ ಹಾಕಲೇಬೇಕಲ್ಲ.” ಪೆನ್ನಿನ ಮುಚ್ಚಳ ಹಾಕಿದರು. “ಹೋಗುವಾಗ ಕೆಳಗೆ ಯೂನಿಫಾರ್ಮಿಗೆ ಅಳತೆ ಕೊಟ್ಟು ಹೋಗಿ. ತೋಳು ಉದ್ದ ಹೊಲಿಯುತ್ತಾರೆ, ನೋಡಿಕೊಳ್ಳಿ.”

ಪಕ್ಕದ ಪೈಲಟ್ ಕೈ ಚಾಚಿದರು. “ಅವರಿಗೆ ಆಗುವುದಿಲ್ಲ ಎಂದವರನ್ನು ನಾನು ನೋಡಿಯೇ ಇರಲಿಲ್ಲ, ಮೇಡಂ. ಯಾರು ಕಲಿಸಿದ್ದು?”

“ಫಿಲೋಮಿನಾ ಬಾಯಿ,” ಎಂದಳು ವಾರಿಜಾ.

*

ಅವಳು ವಾಪಸ್ ಬಂದ ದಿನ ತಾಂಡೇಲ ಮತ್ತೊಮ್ಮೆ ಲಾಡು ತರಿಸಿದರು. ಯಾಕೆ ಮತ್ತೊಮ್ಮೆ ಎಂದು ಧಕ್ಕೆಯಲ್ಲಿ ಯಾರೂ ಕೇಳಲಿಲ್ಲ. ಬೋಟುಗಳು ಒಂದರ ಹಿಂದೆ ಒಂದು ಹಾರ್ನ್ ಹಾಕಿದವು. ಸದ್ದು ಹಂಚಿನ ಕಾರ್ಖಾನೆಯವರೆಗೂ ಕೇಳಿಸಿತು.

ಅಬೂಬಕರ್ ದೋಣಿಯ ದುಡ್ಡು ತೆಗೆದುಕೊಳ್ಳಲಿಲ್ಲ. “ನನ್ನ ದೋಣಿಗೆ ರೆಕ್ಕೆ ಯಾವಾಗ, ಕ್ಯಾಪ್ಟನ್?” ಎಂದ.

ಮಾಸ್ಟ್ರು ಪರದೆ ಒರೆಸುತ್ತಿದ್ದರು. ವಾರಿಜಾ ಲಾಡಿನ ಪೊಟ್ಟಣವನ್ನು ಶಾನುಭೋಗರ ತಲೆಯ ಮೇಲಿಟ್ಟಳು.

“ಬರುವಾಗ ಐಸ್ ಪ್ಲಾಂಟಿಗೆ ಹೋಗಿದ್ದೆ. ನಿಮ್ಮ ಕೊಡೆ ತಂದಿದ್ದೇನೆ, ಮಾಸ್ಟ್ರೇ.”

ಮಾಸ್ಟ್ರು ಮೊಳೆಯಿಂದ ಹೆಡ್‌ಫೋನ್ ತೆಗೆದು ಹಾಕಿಕೊಂಡು, “ತಿರುಗಿ ಹೇಳಿದ್ದು ಸರಿ,” ಎಂದರು.